ಒಂದೇ ಕಂಪ್ಯೂಟರ್, ಎರಡು ಓಎಸ್: ಬ್ಲೂಟೂತ್ ಮೌಸ್ ಒಂದು ಕಡೆ ಸೇರಿದರೆ ಇನ್ನೊಂದು ಕಡೆ ಬಿಟ್ಟುಹೋಗುತ್ತದೆ

ಕಂಬಳಿಕೊಪ್ಪೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ಮನೆಯಿಂದಲೇ ಕೆಲಸ, ಕೆಲಸವೆಲ್ಲ ಉಬುಂಟು 24.04 ಅನ್ನುವ ಲಿನಕ್ಸ್ ಓಎಸ್‌ನಲ್ಲಿ (ಓಎಸ್ ಅಂದರೆ ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್). ಅದೇ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ 11 ಕೂಡ ಇಟ್ಟುಕೊಂಡಿದ್ದೇನೆ, ಯಾಕಂದ್ರೆ ಅಪ್ಪಯ್ಯನ ಅಡಿಕೆ ಲೆಕ್ಕ, ಸೊಸೈಟಿ ಕಾಗದ, ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಬರೆದಿಟ್ಟ ಹಳೆಯ ಫೈಲುಗಳು ಎಲ್ಲ ಅದರಲ್ಲೇ ಇವೆ.

ಮೇಜಿನ ಮೇಲೆ ವೈರಿನ ಗೋಜಲು ಬೇಡ ಅಂತ ಹೋದ ತಿಂಗಳು ಬ್ಲೂಟೂತ್ ಕೀಬೋರ್ಡ್, ಬ್ಲೂಟೂತ್ ಮೌಸ್ ತಗೊಂಡೆ. ಉಬುಂಟುವಿನಲ್ಲಿ ಪೇರ್ ಮಾಡಿದೆ (ಅಂದರೆ ಜೋಡಿಸಿದೆ), ಬೆಣ್ಣೆ ಹಾಗೆ ಓಡಿತು. ವಿಂಡೋಸ್‌ಗೆ ಹೋದೆ, ಅಲ್ಲಿ ಮತ್ತೆ ಪೇರ್ ಕೇಳಿತು, ಸರಿ ಮಾಡಿದೆ. ವಾಪಸ್ ಉಬುಂಟುವಿಗೆ ಬಂದರೆ ಎರಡೂ ಸತ್ತಿವೆ. ಪಟ್ಟಿಯಲ್ಲಿ ಹೆಸರು ಇದೆ, ‘ಪೇರ್ ಆಗಿದೆ’ ಅಂತಲೂ ತೋರಿಸುತ್ತದೆ, ಕನೆಕ್ಟ್ ಮಾತ್ರ ಆಗುವುದಿಲ್ಲ. ತೆಗೆದು ಮತ್ತೆ ಪೇರ್ ಮಾಡಿದರೆ ಇಲ್ಲಿ ಸರಿಯಾಗುತ್ತದೆ, ಅಲ್ಲಿ ಹೋಗುತ್ತದೆ.

ದಿನಕ್ಕೊಮ್ಮೆ ಓಎಸ್ ಬದಲಾಯಿಸುವವರಾದರೆ ಹೇಗೋ ಸಹಿಸಿಕೊಳ್ಳಬಹುದು. ನಮ್ಮಲ್ಲಿ ಮಳೆಗಾಲದ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಇಲ್ಲ, ಬಂದರೂ ಹತ್ತು ನಿಮಿಷಕ್ಕೊಮ್ಮೆ ಹೋಗಿ ಬರುತ್ತದೆ, ಯುಪಿಎಸ್ ಕೂಗಿ ಕೂಗಿ ಸುಸ್ತಾಗಿ ಮಲಗುತ್ತದೆ. ಆಮೇಲೆ ಯಾರು ಮೊದಲು ಕೂತರೋ ಅವರ ಓಎಸ್. ನಿನ್ನೆ ಒಂದೇ ದಿನ ಐದು ಸಲ ಪೇರ್ ಮಾಡಿದೆ. ಕೀಬೋರ್ಡಿಗಾದರೆ ಆರು ಅಂಕಿ ಬೇರೆ ಒತ್ತಬೇಕು. ಅಪ್ಪಯ್ಯ "ಹಳೇದೇ ಲಾಯಕ್ಕಿತ್ತಲ್ಲೋ" ಅಂತ ಒಂದೇ ಮಾತು ಹೇಳಿ ಎದ್ದುಹೋದರು.

ಇದಕ್ಕೆ ದಾರಿ ಉಂಟಾ?

ಹಂಡೆಒಲೆ

ಮೊದಲು ಸೆಲ್ ತೆಗೆದು ನೋಡಿ. ಆಗುಂಬೆ ಕಡೆಯ ಗಾಳಿಗೆ ಸೆಲ್ಲಿನ ತುದಿಯ ತಗಡು ಹಸಿರು ಹಿಡಿಯುತ್ತದೆ. ನನ್ನ ಮೌಸ್ ಹಾಗೇ ಆಗಿತ್ತು, ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆ ಸರಿಹೋಯಿತು.

ಕಂಬಳಿಕೊಪ್ಪೆ

ನೋಡಿದೆ ಅಣ್ಣ, ಸೆಲ್ ಹೊಸದು, ತಗಡು ಮಿಂಚುತ್ತಿದೆ. ಸೆಲ್ ಸಮಸ್ಯೆ ಆಗಿದ್ದರೆ ಎರಡೂ ಕಡೆ ಸಾಯಬೇಕಿತ್ತು ಅಲ್ವಾ? ಇದು ಸರದಿ ಪ್ರಕಾರ ಸಾಯುತ್ತಿದೆ.

ಮಂಡಿಲೆಕ್ಕ

ತಲೆಬಿಸಿ ಯಾಕೆ ಮಾರಾಯ್ರೆ. ಶಿವಮೊಗ್ಗಕ್ಕೆ ಹೋದಾಗ ಡಾಂಗಲ್ (ಸಿಗ್ನಲ್ ಹಿಡಿಯುವ ಪುಟ್ಟ ತುಂಡು) ಇರುವ ಸೆಟ್ ಒಂದು ತನ್ನಿ. ಯುಎಸ್‌ಬಿಗೆ ಸಿಕ್ಕಿಸಿದರೆ ಆಯಿತು. ನಮ್ಮ ಮಂಡಿಯಲ್ಲಿ ಮೂರು ವರ್ಷದಿಂದ ಅದೇ ಇದೆ, ಪೇರ್ ಅನ್ನುವ ಶಬ್ದವನ್ನೇ ಕೇಳಿಲ್ಲ.

ಜಗಲಿಕಟ್ಟೆ

ಮಂಡಿಯವರು ಹೇಳಿದ್ದು ಸರಿಯಾದ ದಾರಿಯೇ. ಆದರೆ ದುಡ್ಡು ಕೊಟ್ಟು ತಂದ ಮೌಸನ್ನು ಬಿಸಾಡುವ ಮೊದಲು ಏನಾಗುತ್ತಿದೆ ಅಂತ ತಿಳಿದುಕೊಳ್ಳೋಣ. ಕೆಟ್ಟಿರುವುದು ಮೌಸ್ ಅಲ್ಲ. ವಿಂಡೋಸ್ ಕೆಟ್ಟಿಲ್ಲ, ಉಬುಂಟು ಕೂಡ ಕೆಟ್ಟಿಲ್ಲ. ಮೂರೂ ನಿಯಮದ ಪ್ರಕಾರವೇ ನಡೆಯುತ್ತಿವೆ, ತೊಂದರೆ ಆಗುತ್ತಿರುವುದೇ ಅದರಿಂದ.

ಪೇರ್ ಮಾಡುವುದು ಅಂದರೆ ಎರಡು ಕಡೆಯವರು ಸೇರಿ ಒಂದು ಗುಟ್ಟಿನ ಕೀಲಿ ತಯಾರಿಸಿಕೊಳ್ಳುವುದು. 128 ಬಿಟ್ ಉದ್ದದ ಸಂಖ್ಯೆ ಅದು. ಕಂಪ್ಯೂಟರ್ ಒಂದು ಪ್ರತಿ ಇಟ್ಟುಕೊಳ್ಳುತ್ತದೆ, ಮೌಸ್ ಒಂದು ಪ್ರತಿ. ಮೌಸ್ ತನ್ನ ಪ್ರತಿಯನ್ನು ಯಾರ ಹೆಸರಿನಲ್ಲಿ ಬರೆದಿಡುತ್ತದೆ? ಉಬುಂಟು ಅಂತಲೋ ವಿಂಡೋಸ್ ಅಂತಲೋ ಅಲ್ಲ, ಅದಕ್ಕೆ ಓಎಸ್ ಅಂದರೇನು ಅಂತಲೇ ಗೊತ್ತಿಲ್ಲ. ನಿಮ್ಮ ಬ್ಲೂಟೂತ್ ಕಾರ್ಡಿಗೆ ಒಂದು 48 ಬಿಟ್ ವಿಳಾಸ ಇದೆ, ಎರಡೆರಡು ಅಂಕಿಯ ಆರು ಜೋಡಿ, ಆ ವಿಳಾಸದ ಹೆಸರಿನಲ್ಲಿ ಬರೆದಿಡುತ್ತದೆ. ಕಾರ್ಡ್ ಒಂದೇ, ಹಾಗಾಗಿ ವಿಳಾಸವೂ ಒಂದೇ. ವಿಂಡೋಸ್‌ನಲ್ಲಿ ಪೇರ್ ಮಾಡಿದ ಕೂಡಲೇ ಮೌಸ್ "ಓ, ಅದೇ ಮನೆಯವರು ಹೊಸ ಕೀಲಿ ಕೊಟ್ಟರು" ಅಂತ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಉಬುಂಟು ಇನ್ನೂ ಹಳೆಯ ಕೀಲಿ ಹಿಡಿದುಕೊಂಡು ಬಾಗಿಲು ತಟ್ಟುತ್ತಿದೆ.

ಅಡಿಕೆ ತುಂಬಿದ ಕೋಣೆಗೆ ಅಣ್ಣ ಹೋದಾಗ ಬೀಗ ಬದಲಾಯಿಸಿ ಬರುತ್ತಾನೆ, ತಮ್ಮ ಹೋದಾಗ ಅವನೂ ಬೀಗ ಬದಲಾಯಿಸಿ ಬರುತ್ತಾನೆ ಅಂದುಕೊಳ್ಳಿ. ಜಗಳ ಬಿಡಿಸಲು ಪಂಚಾಯಿತಿ ಬೇಕಾಗಿಲ್ಲ. ಕೊನೆಗೆ ಹಾಕಿದ ಬೀಗದ ಕೀಲಿಗೆ ಇನ್ನೊಂದು ನಕಲು ಮಾಡಿಸಿ ಇಬ್ಬರಿಗೂ ಕೊಟ್ಟರೆ ಸಾಕು.

ಅದನ್ನೇ ಇಲ್ಲೂ ಮಾಡಬಹುದು. ಮಂಡಿಯವರ ಡಾಂಗಲ್ಲಿಗೆ ಈ ತಾಪತ್ರಯ ಯಾಕಿಲ್ಲ ಅಂದರೆ, ಅಲ್ಲಿ ಕೀಲಿ ಇರುವುದು ಡಾಂಗಲ್ಲಿನ ಹೊಟ್ಟೆಯೊಳಗೆ. ಕಂಪ್ಯೂಟರಿಗೆ ಅದು ಸುಮ್ನೆ ಒಂದು ಯುಎಸ್‌ಬಿ ಕೀಬೋರ್ಡ್. ಯಾವ ಓಎಸ್ ಬಂದರೂ ಹೋದರೂ ಅದಕ್ಕೆ ಸಂಬಂಧವಿಲ್ಲ.

ಒಂದೆಲಗ

ಸಾಗರದಿಂದ. ನನ್ನ ಕೀಬೋರ್ಡಿನಲ್ಲಿ 1, 2, 3 ಅಂತ ಮೂರು ಚಾನೆಲ್ ಗುಂಡಿ ಇವೆ. ಫೋನು, ಟ್ಯಾಬು, ಕಂಪ್ಯೂಟರ್ ಅಂತ ಮೂರಕ್ಕೆ ಕೊಟ್ಟಿರುವುದು. ನಾನು 1ರಲ್ಲಿ ಫೆಡೋರಾ (ಅದೂ ಒಂದು ಲಿನಕ್ಸ್), 2ರಲ್ಲಿ ವಿಂಡೋಸ್ ಪೇರ್ ಮಾಡಿದ್ದೇನೆ. ಓಎಸ್ ಬದಲಾಯಿಸಿದಾಗ ಆ ಗುಂಡಿ ಒತ್ತಿದರೆ ಆಯಿತು, ಯಾವ ಫೈಲಿಗೂ ಕೈ ಹಾಕಿಲ್ಲ. ಒಂದೊಂದು ಚಾನೆಲ್ಲಿಗೆ ಒಂದೊಂದು ಕೀಲಿ ಬೇರೆ ಬೇರೆ ಇಡುತ್ತದೆ ಅಂತ ಕಾಣುತ್ತದೆ. ನಿಮ್ಮದರಲ್ಲಿ ಅಂಥ ಗುಂಡಿ ಇದೆಯಾ ನೋಡಿ. ಮೌಸಿನದು ಹೊಟ್ಟೆ ಕೆಳಗೆ ಇರುತ್ತದೆ.

ಕಂಬಳಿಕೊಪ್ಪೆ

ಜಗಲಿಕಟ್ಟೆ ಮೇಷ್ಟ್ರೆ, ಬೀಗದ ಕಥೆ ಓದಿ ಅಪ್ಪಯ್ಯನಿಗೂ ಅರ್ಥ ಆಯಿತು. "ಅಣ್ಣ ತಮ್ಮನಿಗೆ ಒಂದೇ ಕೀಲಿ ಕೊಟ್ಟರೆ ಅಡಿಕೆ ಉಳಿಯತ್ತಾ" ಅಂತ ಕೇಳಿದರು, ಅದು ಬೇರೆ ವಿಷಯ.

ಒಂದೆಲಗ ಅಕ್ಕ, ನಮ್ಮದು ಅಗ್ಗದ ಮಾಲು. ಮೌಸಿನ ಹೊಟ್ಟೆ ಕೆಳಗೆ ಆನ್-ಆಫ್ ಬಿಟ್ಟರೆ ಒಂದು ಪೇರಿಂಗ್ ಗುಂಡಿ ಮಾತ್ರ. ಚಾನೆಲ್ ಇಲ್ಲ.

ಹಾಗಾದರೆ ಕೀಲಿ ನಕಲು ಮಾಡುವುದೇ ಸರಿ. ಹೇಗೆ?

ಜಗಲಿಕಟ್ಟೆ

ಮೊದಲು ಒಂದು ವೈರ್ ಇರುವ ಕೀಬೋರ್ಡ್, ವೈರ್ ಮೌಸ್ ಎಲ್ಲಿಂದಾದರೂ ಹುಡುಕಿ ತನ್ನಿ. ಅಟ್ಟದ ಮೇಲೆ ಇದ್ದೇ ಇರುತ್ತದೆ. ಮಧ್ಯದಲ್ಲಿ ಬ್ಲೂಟೂತ್ ಎರಡೂ ಕಡೆ ಸಾಯುವ ಹೊತ್ತು ಬರುತ್ತದೆ, ಆಗ ಅದಿಲ್ಲದೆ ಕೈ ಕಟ್ಟಿಹಾಕಿದ ಹಾಗೆ.

ಕ್ರಮ ಮುಖ್ಯ. ಮೊದಲು ಉಬುಂಟುವಿನಲ್ಲಿ ಪೇರ್ ಮಾಡಿ. ಆಮೇಲೆ ವಿಂಡೋಸ್‌ಗೆ ಹೋಗಿ ಅಲ್ಲಿ ಹಳೆಯದನ್ನು ತೆಗೆದು ಪೇರ್ ಮಾಡಿ. ಅಲ್ಲಿಗೆ ನಿಲ್ಲಿಸಿ. ಇನ್ನು ಮುಂದೆ ಉಬುಂಟುವಿನಲ್ಲಿ ಅಪ್ಪಿತಪ್ಪಿಯೂ ಪೇರ್ ಒತ್ತಬಾರದು. ಈಗ ಮೌಸಿನಲ್ಲಿ ಇರುವುದು ವಿಂಡೋಸ್ ಕೊಟ್ಟ ಕೀಲಿ, ಅದನ್ನೇ ತಂದು ಉಬುಂಟುವಿನ ಫೈಲಿನಲ್ಲಿ ಹಳೆಯದರ ಜಾಗಕ್ಕೆ ಬರೆಯಬೇಕು. ಉಲ್ಟಾ ಕೂಡ ಮಾಡಬಹುದು, ಆದರೆ ಲಿನಕ್ಸಿನದು ಸರಳ ಅಕ್ಷರದ ಫೈಲ್, ವಿಂಡೋಸಿನದು ರಿಜಿಸ್ಟ್ರಿ, ಅಂದರೆ ಅದರ ಸೆಟ್ಟಿಂಗುಗಳೆಲ್ಲ ಇರುವ ಉಗ್ರಾಣ. ತಪ್ಪಿದರೆ ಯಾವುದನ್ನು ಸರಿಮಾಡುವುದು ಸುಲಭ ಅಂತ ನೀವೇ ಯೋಚಿಸಿ.

ವಿಂಡೋಸಿನ ಕೀಲಿ ಇರುವುದು ರಿಜಿಸ್ಟ್ರಿಯಲ್ಲಿ. ಎಚ್‌ಕೀ ಲೋಕಲ್ ಮಷೀನ್, ಅದರೊಳಗೆ ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವೀಸಸ್, ಬಿಟಿಎಚ್‌ಪೋರ್ಟ್, ಪ್ಯಾರಾಮೀಟರ್ಸ್, ಕೊನೆಗೆ ಕೀಸ್. ಅಲ್ಲಿ ನಿಮ್ಮ ಕಾರ್ಡಿನ ವಿಳಾಸದ ಹೆಸರಿನಲ್ಲಿ ಒಂದು ಫೋಲ್ಡರ್ ಇರುತ್ತದೆ, ನಡುವೆ ಚುಕ್ಕೆ ಇಲ್ಲದೆ ಹನ್ನೆರಡು ಅಕ್ಷರ. ಅದರೊಳಗೆ ಸಾಧನದ ವಿಳಾಸದ ಮುಂದೆ ಕಾಣುವ 16 ಜೋಡಿ ಅಕ್ಷರವೇ ಕೀಲಿ.

ಲಿನಕ್ಸಿನದು ವಾರ್ ಫೋಲ್ಡರಿನಲ್ಲಿ ಲಿಬ್, ಅದರೊಳಗೆ ಬ್ಲೂಟೂತ್. ಅಲ್ಲಿ ಕಾರ್ಡಿನ ವಿಳಾಸ, ಅದರೊಳಗೆ ಕೀಬೋರ್ಡು ಮೌಸುಗಳ ವಿಳಾಸದ ಹೆಸರಿನ ಫೋಲ್ಡರ್, ಒಳಗೆ ಇನ್ಫೋ ಅನ್ನುವ ಫೈಲ್. ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಆಗದೆ ಬಾಗಿಲು ತೆರೆಯುವುದಿಲ್ಲ. ಫೈಲಿನಲ್ಲಿ ಲಿಂಕ್ ಕೀ ಅನ್ನುವ ತಲೆಬರಹದ ಕೆಳಗೆ ‘ಕೀ’ ಅಂತ ಒಂದು ಸಾಲು, ಅದರ ಮುಂದೆ 32 ಅಕ್ಷರ. ವಿಂಡೋಸಿನಲ್ಲಿ ಕಂಡ 16 ಜೋಡಿಯನ್ನು ಜಾಗ ಬಿಡದೆ, ದೊಡ್ಡಕ್ಷರದಲ್ಲಿ ಅಲ್ಲಿ ಬರೆಯಿರಿ. ಬರೆಯುವ ಮೊದಲು ಫೈಲಿನ ಒಂದು ನಕಲು ಇಟ್ಟುಕೊಳ್ಳಿ. ಆಮೇಲೆ ಬ್ಲೂಟೂತ್ ಸರ್ವೀಸನ್ನು ರೀಸ್ಟಾರ್ಟ್ ಮಾಡಿ.

ಇನ್ನೊಂದು ಮಾತು. ವಿಂಡೋಸಿನಿಂದ ಹೊರಬರುವಾಗ ಶಟ್‌ಡೌನ್ ಒತ್ತಬೇಡಿ, ರೀಸ್ಟಾರ್ಟ್ ಒತ್ತಿ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಅಂದರೆ ಅರ್ಧ ನಿದ್ದೆ ಮಾತ್ರ. ಆ ಸ್ಥಿತಿಯಲ್ಲಿ ಉಬುಂಟು ವಿಂಡೋಸಿನ ಡ್ರೈವನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಎರಡು ಓಎಸ್ ಇಟ್ಟುಕೊಂಡವರು ಆ ಫಾಸ್ಟ್ ಸ್ಟಾರ್ಟಪ್ಪನ್ನು ಆಫ್ ಮಾಡಿ ಇಡುವುದೇ ಒಳ್ಳೆಯದು.

ಹಂಡೆಒಲೆ

ಇಷ್ಟೆಲ್ಲ ಬೇಕಾ? ಒಂದೇ ಕೀಬೋರ್ಡಿನಲ್ಲಿ ಎರಡು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಇದೆಯಲ್ಲ, ಬ್ಯಾರಿಯರ್ ಅಂತಲೋ ಇನ್‌ಪುಟ್ ಲೀಪ್ ಅಂತಲೋ. ಅದು ಹಾಕಿ.

ಒಂದೆಲಗ

ಅದು ಎರಡು ಕಂಪ್ಯೂಟರ್ ಒಟ್ಟಿಗೆ ಆನ್ ಇದ್ದು ನೆಟ್‌ವರ್ಕಿನಲ್ಲಿ ಮಾತಾಡಿಕೊಳ್ಳುವಾಗ. ಇವರದು ಒಂದೇ ಪೆಟ್ಟಿಗೆ, ಒಂದು ಓಎಸ್ ಎದ್ದಾಗ ಇನ್ನೊಂದು ಮಲಗಿರುತ್ತದೆ. ಮಲಗಿದವರ ಹತ್ತಿರ ಮೌಸ್ ಕೇಳುವುದು ಹೇಗೆ?

ಹಂಡೆಒಲೆ

ಹೌದಲ್ಲ. ಕಾಫಿ ಕುಡಿಯದೆ ಬರೆದೆ.

ಮಂಡಿಲೆಕ್ಕ

ವಿಂಡೋಸನ್ನು ಉಬುಂಟು ಒಳಗೇ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ) ಮಾಡಿ ಹಾಕಿದರೆ? ಆಗ ಕೀಬೋರ್ಡ್ ಹಿಡಿದಿರುವುದು ಉಬುಂಟು ಒಂದೇ, ಒಳಗಿನವರಿಗೆ ಅದೇ ಹಂಚುತ್ತದೆ. ನಮ್ಮ ಮಂಡಿ ಹುಡುಗ ಹಾಗೇ ಮಾಡಿಕೊಂಡಿದ್ದಾನೆ.

ಕಂಬಳಿಕೊಪ್ಪೆ

ಅದನ್ನೂ ಯೋಚಿಸಿದ್ದೆ. ಇರುವುದು 8 ಜಿಬಿ ರ‍್ಯಾಮ್. ನನ್ನ ಕೆಲಸ ಅರ್ಧಕ್ಕೆ ಬಿಟ್ಟು ಅಪ್ಪಯ್ಯ ಕೂತರೆ ಎರಡೂ ತೆವಳುತ್ತವೆ.

ಸರಿ, ಅಟ್ಟ ಹತ್ತಿದೆ. ವೈರ್ ಕೀಬೋರ್ಡ್ ಸಿಕ್ಕಿತು, ಮೈಯೆಲ್ಲ ಕಟ್ಟಿರುವೆ. ಬಿಸಿಲಿಗೆ ಇಡೋಣ ಅಂದರೆ ಬಿಸಿಲು ಎಲ್ಲಿಂದ ತರುವುದು, ಹಂಡೆ ಒಲೆ ಹತ್ತಿರ ಇಟ್ಟಿದ್ದೇನೆ. (ಹಂಡೆಒಲೆ ಅಣ್ಣ, ನಿಮ್ಮ ಹೆಸರು ಇವತ್ತು ಉಪಯೋಗಕ್ಕೆ ಬಂತು.) ರಾತ್ರಿ ಕರೆಂಟ್ ಇದ್ದರೆ ಮಾಡಿ ಹೇಳುತ್ತೇನೆ.

ಕಂಬಳಿಕೊಪ್ಪೆ

ಮೊದಲ ಎಡವು. ವಿಂಡೋಸ್ ರಿಜಿಸ್ಟ್ರಿಯಲ್ಲಿ ಹೇಳಿದ ಜಾಗಕ್ಕೆ ಹೋದೆ. ಕೀಸ್ ಅನ್ನುವ ಫೋಲ್ಡರ್ ಇದೆ, ಒಳಗೆ ಏನೂ ಇಲ್ಲ. ಅಡ್ಮಿನ್ ಆಗಿಯೇ ತೆರೆದಿದ್ದೇನೆ. ಪೇರ್ ಆಗಿ ಮೌಸ್ ಓಡುತ್ತಲೂ ಇದೆ.

ಜಗಲಿಕಟ್ಟೆ

ಹೇಳುವುದು ಮರೆತೆ, ತಪ್ಪು ನನ್ನದು. ಅಡ್ಮಿನ್‌ಗೂ ಅದನ್ನು ತೋರಿಸುವುದಿಲ್ಲ, ಸಿಸ್ಟಮ್ ಅನ್ನುವ ಖಾತೆಗೆ ಮಾತ್ರ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಲ್ಲಿ ಪಿಎಸ್‌ಎಕ್ಸೆಕ್ ಅಂತ ಚಿಕ್ಕ ಉಪಕರಣ ಇದೆ. ಅಡ್ಮಿನ್ ಕಮಾಂಡ್ ಕಿಟಕಿಯಲ್ಲಿ ಅದಕ್ಕೆ ಅಡ್ಡಗೆರೆ ಎಸ್, ಅಡ್ಡಗೆರೆ ಐ ಕೊಟ್ಟು ರೆಜ್‌ಎಡಿಟ್ ತೆರೆಯಿರಿ. ಈಗ ಕೀಸ್ ಒಳಗೆ ತುಂಬಿರುತ್ತದೆ. ನೋಡಿ ಬನ್ನಿ ಅಷ್ಟೇ, ಅಲ್ಲಿ ಏನನ್ನೂ ತಿದ್ದಬೇಡಿ.

ತುಂಗೆಹೊಳೆ

ಶಿವಮೊಗ್ಗದಿಂದ. ನಾನು ವಿಂಡೋಸಿಗೆ ಹೋಗದೆ ಉಬುಂಟುವಿನಿಂದಲೇ ಓದಿದ್ದೆ. ವಿಂಡೋಸ್ ಡ್ರೈವ್ ಮೌಂಟ್ ಮಾಡಿ, ಸಿಸ್ಟಮ್32 ಒಳಗೆ ಕಾನ್ಫಿಗ್, ಅದರಲ್ಲಿ ಸಿಸ್ಟಮ್ ಅನ್ನುವ ಫೈಲ್. ಅದೇ ರಿಜಿಸ್ಟ್ರಿ. ಸಿಎಚ್‌ಎನ್‌ಟಿಪಿಡಬ್ಲ್ಯು ಅನ್ನುವ ಪ್ಯಾಕೇಜ್ ಹಾಕಿಕೊಂಡರೆ ಅದನ್ನು ಬಿಚ್ಚಿ ನೋಡಬಹುದು. ಅಲ್ಲಿ ಕರೆಂಟ್ ಕಂಟ್ರೋಲ್ ಸೆಟ್ ಅಂತ ಇರುವುದಿಲ್ಲ, ಕಂಟ್ರೋಲ್ ಸೆಟ್ 001 ಅಂತ ಇರುತ್ತದೆ, ಗಾಬರಿ ಆಗಬೇಡಿ. ಇದಕ್ಕೆ ಅಡ್ಮಿನ್ನೂ ಬೇಡ ಸಿಸ್ಟಮ್ ಖಾತೆಯೂ ಬೇಡ, ಮನೆಯ ಹಂಚು ಸರಿಸಿ ಇಳಿದ ಹಾಗೆ.

ಆದರೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಇದ್ದರೆ ಹಂಚೂ ಸರಿಯುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದವರಿಗೆ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರಬಹುದು. ಆಗ 48 ಅಂಕಿಯ ರಿಕವರಿ ಕೀ ಬೇಕು. ಅದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ, ಈ ಮೌಸಿನ ವಿಷಯಕ್ಕಲ್ಲದಿದ್ದರೂ ಮುಂದೊಂದು ದಿನ ಬೇಕಾಗುತ್ತದೆ.

ಕಂಬಳಿಕೊಪ್ಪೆ

ಕೀಬೋರ್ಡ್ ಬಂತು!!! ಪಿಎಸ್‌ಎಕ್ಸೆಕ್‌ನಲ್ಲಿ ತೆರೆದೆ, 16 ಜೋಡಿ ಕಾಣಿಸಿತು, ಕಾಗದದ ಮೇಲೆ ಬರೆದುಕೊಂಡೆ, ಉಬುಂಟುವಿನಲ್ಲಿ ಹಾಕಿದೆ, ಸರ್ವೀಸ್ ರೀಸ್ಟಾರ್ಟ್ ಮಾಡಿದೆ. ಒಂದು ಕೀ ಒತ್ತಿದೆ. ಸುಮ್ಮನೆ ಬಂದು ಸೇರಿಕೊಂಡಿತು. ಮೂರು ಸಲ ಆಚೆ ಈಚೆ ಹೋಗಿ ನೋಡಿದೆ, ಎರಡೂ ಕಡೆ ಕೇಳದೆ ಓಡುತ್ತದೆ.

ಮೌಸ್ ಮಾತ್ರ ಬರಲಿಲ್ಲ. ಅದರದು ವಿಂಡೋಸಿನಲ್ಲಿ ಬೇರೆ ಥರ ಇದೆ. ಕೀಬೋರ್ಡಿನದು ಬಲಗಡೆ ಒಂದು ಸಾಲು, ಮೌಸಿನದು ಎಡಗಡೆ ಇನ್ನೊಂದು ಫೋಲ್ಡರ್, ಒಳಗೆ ಏಳೆಂಟು ಸಾಲು. ಉಬುಂಟು ಫೈಲಿನಲ್ಲಿ ಲಿಂಕ್ ಕೀ ಅನ್ನುವ ತಲೆಬರಹವೇ ಇಲ್ಲ. ಎರಡರದ್ದೂ ಕೆಳಗೆ ಹಾಗೇ ಅಂಟಿಸಿದ್ದೇನೆ, ನೋಡಿ ಹೇಳಿ.

[ಇಲ್ಲಿದ್ದ ಸಾಲುಗಳನ್ನು ತೆಗೆಯಲಾಗಿದೆ - ನಿರ್ವಾಹಕ]

ನಿರ್ವಾಹಕ

ಕಂಬಳಿಕೊಪ್ಪೆ ಅವರೆ, ನೀವು ಅಂಟಿಸಿದ್ದು ನಿಮ್ಮ ಕೀಲಿಗಳನ್ನೇ. ತೆಗೆದಿದ್ದೇನೆ. ಆ ಕೀಲಿ ಇದ್ದವರು ಹತ್ತಿರ ಕೂತು ಗಾಳಿಯಲ್ಲಿ ಹೋಗುವ ನಿಮ್ಮ ಟೈಪಿಂಗನ್ನು ಬಿಡಿಸಿ ಓದುವ ಸಾಧ್ಯತೆ ಇದೆ. ಪಾಸ್‌ವರ್ಡ್ ಕೂಡ ಅದೇ ದಾರಿಯಲ್ಲಿ ಹೋಗುತ್ತದೆ. ಯಾರೂ ಇಂಥದ್ದರ ಫೋಟೋ ಕೂಡ ಹಾಕಬೇಡಿ.

ಹಂಡೆಒಲೆ

ಹತ್ತಿರ ಅಂದರೆ ಹತ್ತಿಪ್ಪತ್ತು ಮೀಟರ್ ತಾನೇ? ಅವರ ಮನೆಯ ಸುತ್ತ ತೋಟ. ಅಷ್ಟು ಹತ್ತಿರ ಬಂದು ಕೂರುವುದು ಮಂಗ ಒಂದೇ.

ನಿರ್ವಾಹಕ

ಮಂಗಕ್ಕೂ ಬೇಡ.

ಜಗಲಿಕಟ್ಟೆ

ಮೌಸಿನ ವಿಷಯಕ್ಕೆ ಬರೋಣ. ಬ್ಲೂಟೂತಿನಲ್ಲಿ ಎರಡು ಜಾತಿ. ಹಳೆಯದು ಕ್ಲಾಸಿಕ್, 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂದದ್ದು ಲೋ ಎನರ್ಜಿ. ನಿಮ್ಮ ಕೀಬೋರ್ಡ್ ಕ್ಲಾಸಿಕ್, ಮೌಸ್ ಲೋ ಎನರ್ಜಿ. ಗುರುತು ನೀವೇ ಕಂಡುಹಿಡಿದಿದ್ದೀರಿ: ರಿಜಿಸ್ಟ್ರಿಯ ಬಲಗಡೆ ಒಂದು ಸಾಲಾಗಿ ಕಂಡರೆ ಕ್ಲಾಸಿಕ್, ಎಡಗಡೆ ಫೋಲ್ಡರ್ ಆಗಿ ಕಂಡರೆ ಲೋ ಎನರ್ಜಿ.

ಇದರಲ್ಲಿ ಒಂದಲ್ಲ, ನಾಲ್ಕು ವಿಷಯ ನಕಲು ಮಾಡಬೇಕು. ವಿಂಡೋಸಿನ ಎಲ್‌ಟಿಕೆ ಅನ್ನುವುದು ಲಿನಕ್ಸ್ ಫೈಲಿನಲ್ಲಿ ಲಾಂಗ್ ಟರ್ಮ್ ಕೀ ತಲೆಬರಹದ ಕೆಳಗಿನ ‘ಕೀ’ಗೆ ಹೋಗುತ್ತದೆ. ಕೀ ಲೆಂತ್ ಅನ್ನುವುದು ಎನ್‌ಕ್ ಸೈಜ್‌ಗೆ, ಸಾಮಾನ್ಯವಾಗಿ 16. ಇಡಿವ್ ಅನ್ನುವುದು ಇಡಿವ್‌ಗೆ. ಇ‌-ರ‍್ಯಾಂಡ್ ಅನ್ನುವುದು ರ‍್ಯಾಂಡ್‌ಗೆ. ಕೊನೆಯ ಎರಡರಲ್ಲಿ ಜೋಪಾನ: ವಿಂಡೋಸ್ ಅದನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಲಿನಕ್ಸಿಗೆ ನಮ್ಮ ಹತ್ತರ ಲೆಕ್ಕ ಬೇಕು. ರೆಜ್‌ಎಡಿಟ್‌ನಲ್ಲಿ ಆ ಸಾಲಿನ ಮೇಲೆ ಎರಡು ಸಲ ಒತ್ತಿದರೆ ಡೆಸಿಮಲ್ ಅಂತ ಆಯ್ಕೆ ಇದೆ, ಅದನ್ನು ಒತ್ತಿ ಬಂದ ಸಂಖ್ಯೆಯನ್ನೇ ಬರೆಯಿರಿ. ಬ್ಲೂಟೂತ್ 4.2ರಲ್ಲಿ ಬಂದ ಸೆಕ್ಯೂರ್ ಕನೆಕ್ಷನ್ಸ್ ಪ್ರಕಾರ ಪೇರ್ ಆದ ಮೌಸಾದರೆ ಎರಡೂ ಸೊನ್ನೆಯೇ ಇರುತ್ತವೆ, ಅಲ್ಲಿಗೆ ಕೆಲಸ ಕಡಿಮೆ.

ಐಆರ್‌ಕೆ ಅಂತ ಇನ್ನೊಂದು ಇರಬಹುದು. ಉಬುಂಟು ಫೈಲಿನಲ್ಲಿ ಐಡೆಂಟಿಟಿ ರಿಸಾಲ್ವಿಂಗ್ ಕೀ ಅಂತ ತಲೆಬರಹ ಇದ್ದರೆ ಮಾತ್ರ ಅದರ ಚಿಂತೆ.

ಇನ್ನೊಂದು ಮುಖ್ಯ. ಮೌಸಿನ ವಿಳಾಸವನ್ನು ಎರಡೂ ಕಡೆ ಅಕ್ಷರ ಅಕ್ಷರ ಹೋಲಿಸಿ. ಕೆಲವು ಲೋ ಎನರ್ಜಿ ಮೌಸುಗಳು ಪ್ರತಿ ಸಲ ಪೇರ್ ಮಾಡಿದಾಗಲೂ ತಮ್ಮ ವಿಳಾಸವನ್ನೇ ಒಂದು ಅಂಕಿ ಮುಂದೆ ಹಾಕುತ್ತವೆ. ಹಾಗಿದ್ದರೆ ಉಬುಂಟುವಿನ ಫೋಲ್ಡರಿನ ಹೆಸರನ್ನೂ ವಿಂಡೋಸಿನ ವಿಳಾಸಕ್ಕೆ ಬದಲಾಯಿಸಬೇಕು. ಕೀಲಿ ಸರಿ ಇದ್ದರೂ ಮನೆ ನಂಬರ್ ತಪ್ಪಿದರೆ ಯಾರು ಬಾಗಿಲು ತೆಗೆಯುತ್ತಾರೆ?

ಒಂದೆಲಗ

ಈ ವಿಳಾಸದ ವಿಷಯ ನನಗೆ ಗೊತ್ತೇ ಇರಲಿಲ್ಲ. ಹೋದ ವರ್ಷ ತಮ್ಮನ ಮೌಸಿಗೆ ಇಡೀ ಭಾನುವಾರ ಕಳೆದು, ಆಗಲಿಲ್ಲ ಅಂತ ಬಿಟ್ಟಿದ್ದೆ. ಕೀಲಿಯನ್ನು ಹತ್ತು ಸಲ ತಾಳೆ ನೋಡಿದ್ದೆವು, ಫೋಲ್ಡರಿನ ಹೆಸರು ಯಾರು ನೋಡುತ್ತಾರೆ!

ತುಂಗೆಹೊಳೆ

ಕೈಯಲ್ಲಿ ಬರೆಯಲು ಬೇಜಾರಾದವರಿಗೆ ಬಿಟಿ-ಡ್ಯುಯಲ್‌ಬೂಟ್ ಅಂತ ಒಂದು ಪೈಥಾನ್ ಸ್ಕ್ರಿಪ್ಟ್ ಇದೆ. ಅದು ಲಿನಕ್ಸಿನ ಕೀಲಿಯನ್ನು ವಿಂಡೋಸ್ ರಿಜಿಸ್ಟ್ರಿಗೆ ಬರೆಯುತ್ತದೆ, ಅಂದರೆ ಮೇಷ್ಟ್ರು ಹೇಳಿದ್ದಕ್ಕೆ ಉಲ್ಟಾ ದಾರಿ. ರಿಜಿಸ್ಟ್ರಿ ಫೈಲಿನ ನಕಲು ಇಟ್ಟುಕೊಳ್ಳದೆ ಓಡಿಸಬೇಡಿ. ನಾನು ಒಮ್ಮೆ ಕೈಯಲ್ಲೇ ಮಾಡಿದವನು. ಎರಡೇ ಸಾಧನಕ್ಕೆ ಸ್ಕ್ರಿಪ್ಟ್ ಯಾಕೆ ಅನ್ನಿಸಿತು.

ಕಂಬಳಿಕೊಪ್ಪೆ

ನಿನ್ನೆ ಸಂಜೆ ಕೂತವನು ರಾತ್ರಿ ಒಂದಕ್ಕೆ ಎದ್ದೆ. ಕರೆಂಟ್ ಎರಡು ಸಲ ಹೋಯಿತು. ಮೌಸಿನ ವಿಳಾಸ ನೋಡಿದರೆ ಒಂದು ಜೋಡಿ ಉಬುಂಟುವಿನಲ್ಲಿ 37, ವಿಂಡೋಸಿನಲ್ಲಿ 38. ಮೇಷ್ಟ್ರು ಹೇಳಿದ್ದೇ. ಫೋಲ್ಡರ್ ಹೆಸರು ಬದಲಾಯಿಸಿದೆ, ನಾಲ್ಕೂ ಸಾಲು ಬರೆದೆ. ಆದರೂ ಇಲ್ಲ. ಕನೆಕ್ಟ್ ಅಂತ ಒಂದು ಕ್ಷಣ ತೋರಿಸಿ ಬಿಟ್ಟುಬಿಡುತ್ತದೆ.

ತಪ್ಪು ಎಲ್ಲಿ ಅಂತ ಬೆಳಿಗ್ಗೆ ಗೊತ್ತಾಯಿತು. ಕಾಗದದಲ್ಲಿ ಬರೆದರೆ ತಪ್ಪುತ್ತದೆ ಅಂತ ಜಾಣತನ ಮಾಡಿ, ರಿಜಿಸ್ಟ್ರಿಯ ಆ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿನಲ್ಲಿ ತಂದಿದ್ದೆ. ಆ ಫೈಲಿನಲ್ಲಿ ಇ-ರ‍್ಯಾಂಡ್ ಎಂಟು ಜೋಡಿಯಾಗಿ, ಹಿಂದುಮುಂದಾಗಿ ಇರುತ್ತದೆ. ಉದಾಹರಣೆಗೆ 10, 27, ಆಮೇಲೆ ಆರು ಸೊನ್ನೆಯ ಜೋಡಿ ಅಂತ ಇದ್ದರೆ ಕೊನೆಯಿಂದ ಓದಿಕೊಂಡು ಬರಬೇಕು, ಆಗ 2710, ಹತ್ತರ ಲೆಕ್ಕದಲ್ಲಿ 10000. ನಾನು ಮುಂದಿನಿಂದ ಓದಿ ಯಾವುದೋ ರೈಲಿನಷ್ಟು ಉದ್ದದ ಸಂಖ್ಯೆ ಬರೆದಿದ್ದೆ. ಉಲ್ಟಾ ಮಾಡಿ ಬರೆದ ಕೂಡಲೇ ಮೌಸ್ ಎದ್ದಿತು. ಎಲ್‌ಟಿಕೆಯನ್ನು ಹಿಂದುಮುಂದು ಮಾಡಬೇಕಾಗಿಲ್ಲ, ಅದು ಇದ್ದ ಹಾಗೇ ಇರಲಿ. ನಾನು ಉತ್ಸಾಹದಲ್ಲಿ ಅದನ್ನೂ ತಿರುಗಿಸಿ ಒಮ್ಮೆ ಕೆಡಿಸಿಕೊಂಡೆ.

ಮೇಷ್ಟ್ರೆ, ತೀರ್ಥಹಳ್ಳಿ ಕಡೆ ಬಂದರೆ ಮನೆಗೆ ಬರಲೇಬೇಕು. ಕಡುಬು ಮಾಡಿಸುತ್ತೇನೆ.

ಜಗಲಿಕಟ್ಟೆ

ಕಡುಬಿಗೆ ಬರುತ್ತೇನೆ. ರೆಜ್‌ಎಡಿಟ್‌ನಲ್ಲಿ ಡೆಸಿಮಲ್ ಒತ್ತಿ ನೋಡಿ ಅಂತ ಹೇಳಿದ್ದು ಈ ತಲೆನೋವು ತಪ್ಪಲಿ ಅಂತಲೇ.

ಕಂಬಳಿಕೊಪ್ಪೆ

ಓದಿದ್ದೆ, ಮರೆತೆ. ಮಧ್ಯರಾತ್ರಿಯ ಜಾಣತನ.

ಈಗ ಇನ್ನೊಂದು ತೊಡಕು. ಆನ್ ಮಾಡಿದಾಗ ಯಾವ ಓಎಸ್ ಬೇಕು ಅಂತ ಕೇಳುವ ಗ್ರಬ್ ಪಟ್ಟಿ ಬರುತ್ತದಲ್ಲ, ಅಲ್ಲಿ ಬ್ಲೂಟೂತ್ ಕೀಬೋರ್ಡ್ ಸತ್ತ ಹಾಗೆಯೇ ಇರುತ್ತದೆ. ಅದಕ್ಕೂ ಯಾವುದಾದರೂ ಫೈಲಿಗೆ ಕೀಲಿ ಬರೆಯಬೇಕಾ?

ತುಂಗೆಹೊಳೆ

ಅದಕ್ಕೆ ಕೀಲಿ ಇಡುವ ಜಾಗವೇ ಇಲ್ಲ. ಗ್ರಬ್‌ಗೆ ಬ್ಲೂಟೂತ್ ಭಾಷೆ ಬರುವುದಿಲ್ಲ. ಅದು ನಿಮ್ಮ ಬೋರ್ಡಿನೊಳಗೇ ಇರುವ ಸಾಫ್ಟ್‌ವೇರ್ (ಫರ್ಮ್‌ವೇರ್, ಬಯೋಸ್ ಅನ್ನುವುದು ಅದನ್ನೇ) ಕೊಟ್ಟ ಕೀಬೋರ್ಡನ್ನೇ ನಂಬಿಕೊಂಡಿರುತ್ತದೆ, ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡುಗಳಿಗೆ ಯುಎಸ್‌ಬಿ ಕೀಬೋರ್ಡ್ ಮಾತ್ರ ಗೊತ್ತು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದವರಿಗೆ ಪಾಸ್‌ವರ್ಡ್ ಕೇಳುವ ಹೊತ್ತಿಗೂ ಇದೇ ಪಾಡು. ಬಯೋಸ್ ಒಳಗೂ ಅಷ್ಟೇ.

ಅರ್ಧ ಪರಿಹಾರ ಇದೆ. ಇಟಿಸಿ ಒಳಗೆ ಡಿಫಾಲ್ಟ್, ಅದರಲ್ಲಿ ಗ್ರಬ್ ಅನ್ನುವ ಫೈಲ್. ಗ್ರಬ್ ಡಿಫಾಲ್ಟ್ ಸಾಲಿಗೆ ‘ಸೇವ್ಡ್’ ಅಂತ ಕೊಡಿ, ಗ್ರಬ್ ಸೇವ್ ಡಿಫಾಲ್ಟ್‌ಗೆ ‘ಟ್ರೂ’ ಕೊಡಿ, ಆಮೇಲೆ ಅಪ್‌ಡೇಟ್-ಗ್ರಬ್ ಓಡಿಸಿ. ಕೊನೆಗೆ ಯಾವುದನ್ನು ಆರಿಸಿದ್ದಿರೋ ಅದೇ ಮುಂದಿನ ಸಲ ತಾನಾಗಿ ಬರುತ್ತದೆ. ಅಪ್ಪಯ್ಯ ಲೆಕ್ಕ ಬರೆಯುವಾಗ ಕರೆಂಟ್ ಹೋಗಿ ಬಂದರೆ ಮತ್ತೆ ವಿಂಡೋಸೇ ಬರುತ್ತದೆ. ಬದಲಾಯಿಸಬೇಕು ಅಂದಾಗ ಮಾತ್ರ ನಿಜವಾದ ಕೀಬೋರ್ಡ್ ಬೇಕು.

ಮಂಡಿಲೆಕ್ಕ

ನಾನು ಮೊದಲೇ ಹೇಳಿದೆ, ಡಾಂಗಲ್. ಗ್ರಬ್ಬಿನಲ್ಲೂ ಓಡುತ್ತದೆ, ಬಯೋಸಿನಲ್ಲೂ ಓಡುತ್ತದೆ.

ಜಗಲಿಕಟ್ಟೆ

ಒಪ್ಪಿದೆ. ಹೊಸದಾಗಿ ತಗೊಳ್ಳುವವರು ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ಲಾಜಿಟೆಕ್‌ನವರ ಯುನಿಫೈಯಿಂಗ್ ಡಾಂಗಲ್ 2009ರಲ್ಲಿ ಬಂತು, ಒಂದಕ್ಕೆ ಆರು ಸಾಧನದವರೆಗೆ ಸೇರಿಸಬಹುದು. 2021ರಲ್ಲಿ ಬೋಲ್ಟ್ ಅಂತ ಇನ್ನೊಂದು ತಂದರು, ಎರಡೂ ಒಂದಕ್ಕೊಂದು ಹೊಂದುವುದಿಲ್ಲ, ಕೊಳ್ಳುವಾಗ ಗುರುತು ನೋಡಿಕೊಳ್ಳಿ. ಲಿನಕ್ಸಿನಲ್ಲಿ ಇವನ್ನು ಸೇರಿಸಲು ಬಿಡಿಸಲು ಸೋಲಾರ್ ಅನ್ನುವ ಸಾಫ್ಟ್‌ವೇರ್ ಇದೆ. ಡಾಂಗಲ್ಲನ್ನು ಯುಎಸ್‌ಬಿ 3 ಹಾರ್ಡ್‌ಡಿಸ್ಕಿನ ಪಕ್ಕದಲ್ಲೇ ಸಿಕ್ಕಿಸಬೇಡಿ. ಆ ಪೋರ್ಟಿನ ರೇಡಿಯೋ ಗದ್ದಲ ಡಾಂಗಲ್ ಮಾತಾಡುವ 2.4 ಗಿಗಾಹರ್ಟ್ಸ್‌ಗೆ ತಾಗಿ ಮೌಸ್ ಎಡವುತ್ತದೆ, ಇಂಟೆಲ್ 2012ರಲ್ಲೇ ಅದರ ಬಗ್ಗೆ ಬರೆದಿತ್ತು. ಒಂದು ಗಿಡ್ಡ ಎಕ್ಸ್‌ಟೆನ್ಷನ್ ವೈರ್ ಹಾಕಿ ದೂರ ಇಟ್ಟರೆ ಮುಗಿಯಿತು.

ಇರುವ ಬ್ಲೂಟೂತ್ ಸೆಟ್ಟನ್ನು ಬಿಸಾಡಬೇಕಾಗಿಲ್ಲ ಅನ್ನುವುದಷ್ಟೇ ನನ್ನ ವಾದ.

ಹಂಡೆಒಲೆ

ಸ್ವಲ್ಪ ದಾರಿ ತಪ್ಪಿ ಕೇಳುತ್ತೇನೆ, ಎರಡು ಓಎಸ್ ಇಟ್ಟ ಮೇಲೆ ನನ್ನ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗುತ್ತದೆ. ಇದೂ ಕೀಲಿಯ ಕಥೆಯಾ?

ತುಂಗೆಹೊಳೆ

ಅಲ್ಲ. ಬೋರ್ಡಿನ ಗಡಿಯಾರದಲ್ಲಿ ಉಬುಂಟು ಯುಟಿಸಿ (ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯ ಅಂದುಕೊಳ್ಳುತ್ತದೆ. ನಮಗೂ ಯುಟಿಸಿಗೂ ಐದೂವರೆ ಗಂಟೆ ವ್ಯತ್ಯಾಸ. ಉಬುಂಟುವಿನಲ್ಲಿ ಟೈಮ್‌ಡೇಟ್‌ಸಿಟಿಎಲ್‌ಗೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕೊಟ್ಟರೆ ಇಬ್ಬರೂ ಒಂದೇ ಗಂಟೆ ಹೇಳುತ್ತಾರೆ.

ಒಂದೆಲಗ

ಕಂಬಳಿಕೊಪ್ಪೆ, ಕನ್ನಡ ಟೈಪಿಂಗ್ ಹೇಗೆ ಮಾಡಿಕೊಂಡಿರಿ? ಅಪ್ಪಯ್ಯನಿಗೆ ನುಡಿಯ ಕೀಲಿ ಜೋಡಣೆ ಕೈಗೆ ಹತ್ತಿದ್ದರೆ ಉಬುಂಟುವಿನಲ್ಲೂ ಅದೇ ಸಿಗುತ್ತದೆ. ಐಬಸ್ ಜೊತೆ ಎಂ17ಎನ್ (ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ಸಾಫ್ಟ್‌ವೇರ್) ಹಾಕಿ, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಆರಿಸಿ. ಕೆ.ಪಿ. ರಾವ್ ಅವರ ವಿನ್ಯಾಸವೇ ಅದು. ಒಂದೇ ಕೀಬೋರ್ಡ್, ಎರಡೂ ಕಡೆ ಒಂದೇ ಬೆರಳು.

ಕಂಬಳಿಕೊಪ್ಪೆ

ಹಾಕಿದೆ ಅಕ್ಕ, ಕೆಲಸ ಮಾಡುತ್ತಿದೆ. ಅಪ್ಪಯ್ಯ ಒಂದು ಪುಟ ಲೆಕ್ಕ ಉಬುಂಟುವಿನಲ್ಲೇ ಹೊಡೆದರು, ಯಾವ ಓಎಸ್ ಅಂತ ಕೇಳಲೂ ಇಲ್ಲ.

ನಾಲ್ಕು ದಿನ ಆಯಿತು. ಕರೆಂಟ್ ಹೋಗಿ ಬಂದದ್ದು ಲೆಕ್ಕ ಇಟ್ಟಿಲ್ಲ. ಕೀಬೋರ್ಡು ಮೌಸು ಎರಡೂ ಎರಡೂ ಕಡೆ ಸರಿ ಇವೆ. ಒಂದು ಕೊನೆಯ ಪ್ರಶ್ನೆ: ಮುಂದೆ ಬ್ಲೂಟೂತ್ ಕಾರ್ಡ್ ಕೆಟ್ಟು ಹೊಸದು ಹಾಕಿದರೆ?

ಜಗಲಿಕಟ್ಟೆ

ಹೊಸ ಕಾರ್ಡಿಗೆ ಹೊಸ ವಿಳಾಸ. ಮೊದಲಿಂದ ಎಲ್ಲ ಮಾಡಬೇಕು. ಇರುವೆ ಕೀಬೋರ್ಡನ್ನು ಬಿಸಾಡಬೇಡಿ.

ಕಂಬಳಿಕೊಪ್ಪೆ

ಬಿಸಾಡುವುದು ಎಲ್ಲಿಂದ ಬಂತು. ಗ್ರಬ್ ಪಟ್ಟಿಗೆ ಬೇಕಲ್ಲ ಅಂತ ಸಿಪಿಯು ಮೇಲೆ ಖಾಯಂ ಆಗಿ ಸಿಕ್ಕಿಸಿ ಇಟ್ಟಿದ್ದೇನೆ. ವೈರ್ ಬೇಡ ಅಂತ ಶುರುಮಾಡಿದ್ದು, ಈಗ ಮೇಜಿನ ಮೇಲೆ ಎರಡು ಕೀಬೋರ್ಡ್. ಮೇಲಿನ ಬಾಣದ ಕೀ, ಕೆಳಗಿನ ಬಾಣದ ಕೀ, ಎಂಟರ್, ಮೂರು ಕೆಲಸ ಮಾಡುತ್ತವೆ. ಉಳಿದವುಗಳ ಕೆಳಗೆ ಇನ್ನೂ ಇರುವೆ ಇದೆ.